ಸಾರಾ ಚಾಕೊ ಅಧ್ಯಕ್ಷೆಯಾದರು



ಕುಷ್ಟಗಿ ಕಡೆ ಒಂದು ಊರಲ್ಲಿ ಜಾತ್ರೆ ಅಂತ ತಿಳಿಯಿರಿ. ಅಂಗಳ ಕಸ ಹೊಡೆಯೋರು ಯಾರು? ನಾವು. ರೊಟ್ಟಿ ಬಡಿಯೋರು ಯಾರು? ನಾವು. ಕಮಿಟಿಯಲ್ಲಿ ಕೂತು ಖರ್ಚು ತೀರ್ಮಾನ ಮಾಡೋರು ಯಾರು? ಹೆಚ್ಚಾಗಿ ಗಂಡಸರು.

ಕ್ರೈಸ್ತರ ಚರ್ಚಿನಲ್ಲೂ ಬಹಳ ಕಾಲ ಹೀಗೇ ಇತ್ತು. ಅಲ್ಲಿ ಮುಂದೆ ಬಂದ ಒಬ್ಬ ಹೆಣ್ಣುಮಗಳ ಕತೆ ಇದು.

ಅವರ ಹೆಸರು ಸಾರಾ ಚಾಕೊ. 1905ರಲ್ಲಿ ಕೇರಳದಲ್ಲಿ ಹುಟ್ಟಿದರು. ಮದ್ರಾಸಿನಲ್ಲಿ ಕಾಲೇಜು ಓದಿದರು. ದೂರದ ಲಖನೌಗೆ ಹೋಗಿ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಿದರು. 1945ರಲ್ಲಿ ಆ ಕಾಲೇಜಿಗೇ ಪ್ರಿನ್ಸಿಪಾಲರಾದರು. ಅವರು ಪಾದ್ರಿಯಲ್ಲ. ಸನ್ಯಾಸಿನಿಯೂ ಅಲ್ಲ. ನಮ್ಮ ಹಾಗೆ ಸಾಮಾನ್ಯ ಭಕ್ತೆ.

ಚರ್ಚಿನ ಕೆಲಸ ಬರೀ ಪ್ರಾರ್ಥನೆಯಲ್ಲ. ಕಾಣಿಕೆ ಹಣ ಬರುತ್ತದೆ. ಶಾಲೆಗೆ ಎಷ್ಟು? ಆಸ್ಪತ್ರೆಗೆ ಎಷ್ಟು? ಅನೇಕ ಚರ್ಚುಗಳಲ್ಲಿ ಇದನ್ನು ಕಮಿಟಿ ತೀರ್ಮಾನಿಸುತ್ತದೆ. ಪಾದ್ರಿಯಲ್ಲದವರೂ ಅದರಲ್ಲಿ ಇರಬಹುದು.

1948ರಲ್ಲಿ ಹಾಲೆಂಡ್ ದೇಶದಲ್ಲಿ ದೊಡ್ಡ ಸಭೆ ಕೂಡಿತು. ಬೇರೆ ಬೇರೆ ದೇಶದ ಚರ್ಚುಗಳು ಸೇರಿ ವಿಶ್ವ ಚರ್ಚುಗಳ ಮಂಡಳಿ ಕಟ್ಟಿದವು. ಸಾರಾ ಅಲ್ಲಿಗೆ ಹೋಗಿದ್ದರು. ಚರ್ಚಿನಲ್ಲಿ ಹೆಣ್ಣುಮಕ್ಕಳು ಏನೇನು ದುಡಿಯುತ್ತಾರೆ ಅಂತ ಮೊದಲೇ ಹಲವು ದೇಶಗಳಲ್ಲಿ ಕೇಳಿದ್ದರು. 50ಕ್ಕೂ ಹೆಚ್ಚು ದೇಶಗಳಿಂದ ಉತ್ತರ ಬಂದಿತ್ತು. ದುಡಿಮೆ ಬಹಳ, ಅಧಿಕಾರ ಕಡಿಮೆ. ಅದು ಕಾಗದದ ಮೇಲೆ ಬಂತು. ಇಲ್ಲ ಅನ್ನೋದು ಕಷ್ಟವಾಯಿತು.

ಹೆಣ್ಣುಮಕ್ಕಳ ವಿಷಯ ನೋಡಲು ಮಂಡಳಿ ಒಂದು ಸಮಿತಿ ಮಾಡಿತು. ಸಾರಾ ಅದರ ಹೊಣೆ ಹೊತ್ತರು. 1951ರಲ್ಲಿ ಮಂಡಳಿಯ ಅಧ್ಯಕ್ಷರಲ್ಲಿ ಒಬ್ಬರಾದ ಚೀನಾದವರು ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಸಾರಾ ಬಂದರು. ಆ ಮಂಡಳಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು.

1954ರ ಜನವರಿಯಲ್ಲಿ, ಆಟದ ಬಯಲಿನಲ್ಲಿ ಚೆಂಡಾಟ ಆಡುತ್ತಿದ್ದಾಗಲೇ ಸಾರಾ ಕುಸಿದು ತೀರಿಕೊಂಡರು. ಆಗ ಅವರಿಗೆ 48 ವರ್ಷ.

ಅವರು ತೀರಿದ ಮೇಲೂ ದಾರಿ ನಿಲ್ಲಲಿಲ್ಲ. ನಮ್ಮ ಕರ್ನಾಟಕದಲ್ಲೂ ಇರುವ ದಕ್ಷಿಣ ಭಾರತ ಸಭೆ ಎಂಬ ಚರ್ಚು 1976ರಲ್ಲಿ ಮಹಿಳೆಯನ್ನು ಪಾದ್ರಿ ಮಾಡಿತು. 2013ರಲ್ಲಿ ಇ. ಪುಷ್ಪ ಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಬಿಷಪ್ ಆದರು. ಆ ಚರ್ಚಿನಲ್ಲಿ ಅವರೇ ಮೊದಲ ಮಹಿಳಾ ಬಿಷಪ್.

"ನಮಗೇನು ತಿಳೀತದ್ರೀ?" ಅಂತ ಕೆಲವರು ಅಂತಾರೆ. ತಿಳೀತದೆ. ಹತ್ತು ರೂಪಾಯಿಯಲ್ಲಿ ವಾರದ ಸಂತೆ ತೂಗಿಸಿದ ಕೈಗೆ ಕಮಿಟಿ ಲೆಕ್ಕ ತಿಳಿಯದೇ? ಗುಡಿಯೇ ಇರಲಿ, ಚರ್ಚೇ ಇರಲಿ, ಸಂಘವೇ ಇರಲಿ. ಸಭೆಯ ನೋಟಿಸು ಓದಿರಿ. ಲೆಕ್ಕದ ಪುಸ್ತಕ ಕೇಳಿರಿ. ಓದದೆ ಹೆಬ್ಬೆಟ್ಟು ಒತ್ತಬೇಡಿ, ಸಹಿಯನ್ನೂ ಹಾಕಬೇಡಿ. ಎದ್ದು ನಿಂತು ಒಂದು ಮಾತು ಕೇಳಿರಿ. ಮೊದಲ ಸಲ ದನಿ ನಡುಗುತ್ತದೆ. ನಡುಗಲಿ. ಎರಡನೇ ಸಲ ಕಡಿಮೆ ನಡುಗುತ್ತದೆ.

ಹೊಸ ಪದಗಳು
ಮಂಡಳಿ – ಹಲವರು ಸೇರಿ ಕಟ್ಟಿದ ಕೂಟ
ರಾಜೀನಾಮೆ – ಹುದ್ದೆ ಬಿಡುವುದು
ಬಿಷಪ್ – ಅನೇಕ ಚರ್ಚುಗಳ ಮೇಲ್ವಿಚಾರಕರು

ಓದಿ, ಬರೆಯಿರಿ
1. ಸಾರಾ ಚಾಕೊ ಯಾವ ವರ್ಷ ಅಧ್ಯಕ್ಷೆಯಾದರು?
2. ಹೆಣ್ಣುಮಕ್ಕಳ ದುಡಿಮೆಯನ್ನು ಕಾಗದದ ಮೇಲೆ ಬರೆದಿದ್ದರಿಂದ ಏನಾಯಿತು?
3. ನಿಮ್ಮ ಊರಿನ ಕಮಿಟಿಯಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ? ಅವರ ಹೆಸರು ಬರೆಯಿರಿ. ಯಾರೂ ಇಲ್ಲದಿದ್ದರೆ, ಯಾರು ಇರಬೇಕು ಅಂತ ಬರೆಯಿರಿ.