ಹಚ್ಚೆ ಅಂಗಡಿಗೆ ನಲವತ್ತಡಿ ರಸ್ತೆ

ಬೆಂಗಳೂರಿನಲ್ಲಿ ಅಂಗಡಿ ತೆರೆಯಲು ಹೊರಟವರು ಖರ್ಚಿನ ಪಟ್ಟಿ ಬರೆಯುವಾಗ ಮೊದಲು ಅಡ್ವಾನ್ಸು, ಆಮೇಲೆ ಇಂಟೀರಿಯರ್, ಆಮೇಲೆ ಯಂತ್ರ ಅಂತ ಬರೆದು, ಕೊನೆಗೆ ‘ಲೈಸೆನ್ಸ್ ವಗೈರೆ’ ಅಂತ ಒಂದು ಸಾಲು ಸೇರಿಸುತ್ತಾರೆ. ಆ ಸಾಲಿನ ಮುಂದಿರುವ ಮೊತ್ತ ನಿಜಕ್ಕೂ ಚಿಕ್ಕದು. ಆದರೆ ಅದರ ಮೇಲಿನ ಮೂರು ಸಾಲಿನ ದುಡ್ಡು ಉಳಿಯುತ್ತದೋ ಮುಳುಗುತ್ತದೋ ಅನ್ನುವುದು ತೀರ್ಮಾನವಾಗುವುದು ಅಲ್ಲೇ. 2024ರಲ್ಲಿ ನಮ್ಮ ಅಕ್ಕನ ಮಗಳು ಟ್ಯಾಟೂ ಸ್ಟುಡಿಯೋ ಹಾಕಲು ಹೊರಟಾಗ ಜೊತೆಗೆ ಓಡಾಡಿದವನು ನಾನು. ಬಂಡವಾಳದಲ್ಲಿ ನನ್ನದೂ ಒಂದು ಪಾಲಿತ್ತು. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ನಿವೃತ್ತನಾದವನು, ಕಾಗದ ನೋಡದೆ ದುಡ್ಡು ಬಿಚ್ಚುವ ಅಭ್ಯಾಸ ನನಗಿಲ್ಲ.

ಹುಡುಗಿ ಕೆಲಸ ಕಲಿತವಳು. ಕೆಲವು ವರ್ಷ ಬೇರೆಯವರ ಸ್ಟುಡಿಯೋದಲ್ಲಿ ದುಡಿದಿದ್ದಳು. ಈ ಕಸುಬಿನಲ್ಲಿ ಸಂಬಳಕ್ಕಿಂತ ಪಾಲಿನ ವ್ಯವಹಾರವೇ ಹೆಚ್ಚು. ಗಿರಾಕಿ ಕೊಟ್ಟದ್ದರಲ್ಲಿ ಅವಳಿಗೆ ಅರ್ಧ, ಅಂಗಡಿಯವರಿಗೆ ಅರ್ಧ. ತಿಂಗಳಿಗೆ ಸರಾಸರಿ 1.4 ಲಕ್ಷ ರೂಪಾಯಿಯ ಕೆಲಸ ಆಗುತ್ತಿತ್ತು, 70 ಸಾವಿರ ಕೈಗೆ ಬರುತ್ತಿತ್ತು. ಸ್ವಂತ ಅಂಗಡಿ ಹಾಕಿದರೆ ಆ ಇನ್ನೊಂದು 70 ಸಾವಿರದೊಳಗೆ ಬಾಡಿಗೆ, ಕರೆಂಟು, ಇಂಕು, ಸೂಜಿ, ಸಾಲದ ಕಂತು ಎಲ್ಲವೂ ಮುಗಿಯಬೇಕು. ಮುಗಿಯದಿದ್ದರೆ ಇದ್ದಲ್ಲೇ ಇರುವುದು ವಾಸಿ. ನಮ್ಮ ಮೊದಲ ಲೆಕ್ಕ ಇಷ್ಟೇ.

ಬ್ರೋಕರ್ ಮೊದಲು ತೋರಿಸಿದ್ದು ಮನೆಗಳ ಸಾಲಿನ ನಡುವೆ ಒಂದು ಗ್ರೌಂಡ್ ಫ್ಲೋರ್. ಒಳ್ಳೆ ಬೆಳಕು, ಮುಂದೆ ಹೊಂಗೆ ಮರ, ಬಾಡಿಗೆ 21 ಸಾವಿರ. ‘ನಲವತ್ತಡಿ ರಸ್ತೆ ಸಾರ್’ ಅಂದ. ಮಾರನೇ ದಿನ ಬೆಳಿಗ್ಗೆ ನಾವಿಬ್ಬರೂ ಟೇಪು ಹಿಡಿದುಕೊಂಡು ಹೋದೆವು. ಅವಳು ಈಚೆ ಕಾಂಪೌಂಡಿಗೆ ಟೇಪಿನ ತುದಿ ಒತ್ತಿ ಹಿಡಿದಳು, ನಾನು ಆಚೆ ಕಾಂಪೌಂಡಿನವರೆಗೆ ಎಳೆದೆ. ನಡುವೆ ಒಂದು ಹಾಲಿನ ಗಾಡಿ ಬಂತು, ಟೇಪು ನೆಲಕ್ಕೆ ಒತ್ತಿ ದಾರಿ ಬಿಟ್ಟೆವು. ಎರಡೂ ಬದಿಯ ಚರಂಡಿ ಸೇರಿಸಿಕೊಂಡರೂ 31 ಅಡಿ ದಾಟಲಿಲ್ಲ.

ಈ ಒಂಬತ್ತು ಅಡಿ ಯಾಕೆ ಮುಖ್ಯ ಅಂದರೆ, ಬೆಂಗಳೂರಿನ ವಸತಿ ಪ್ರದೇಶಗಳಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಚಟುವಟಿಕೆಗೆ ವಲಯ ನಿಯಮ ಅವಕಾಶ ಕೊಡುವುದಿಲ್ಲ. ನಗರ ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಮಂಜೂರಾದ, 2015ರ ಹೆಸರು ಹೊತ್ತ ಮಾಸ್ಟರ್ ಪ್ಲಾನಿನ ಮೇಲೆ. ಬಿಡಿಎ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ ಬಣ್ಣ. ಹಳದಿಯಲ್ಲಿದ್ದೀರಾ, ಹಾಗಿದ್ದರೆ ರಸ್ತೆ ಎಷ್ಟಗಲ ಅನ್ನುವ ಪ್ರಶ್ನೆ ಏಳುತ್ತದೆ. ಉದ್ದಿಮೆ ಪರವಾನಗಿ, ಅಂದರೆ ನಾವೆಲ್ಲ ಟ್ರೇಡ್ ಲೈಸೆನ್ಸ್ ಅನ್ನುವುದು, ಪಾಲಿಕೆಯ ಆರೋಗ್ಯ ವಿಭಾಗದ ಕೆಲಸ. ವಿಚಾರಿಸಲು ಹೋದಾಗ ಅಲ್ಲಿದ್ದವರು ಟ್ಯಾಟೂ ಬಗ್ಗೆ ಏನೂ ಕೇಳಲಿಲ್ಲ. ‘ರಸ್ತೆ ಎಷ್ಟಡಿ ಮೇಡಂ?’ ಅಂದರು, ಅಷ್ಟೇ.

ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಇಂದಿರಾನಗರ, ಕೋರಮಂಗಲಗಳಲ್ಲಿ ಮನೆಗಳ ಮಧ್ಯೆ ಪಬ್ಬುಗಳು ಎದ್ದಾಗ ನಿವಾಸಿಗಳ ಸಂಘಗಳು ವರ್ಷಗಟ್ಟಲೆ ಹೋರಾಡಿ ಹೈಕೋರ್ಟಿನವರೆಗೂ ಹೋದವು. ರಾತ್ರಿ ನಿದ್ದೆ ಕಳೆದುಕೊಂಡವರ ಕಷ್ಟ ಸಣ್ಣದಲ್ಲ. ಆದರೆ ನಿಯಮ ಅಳೆಯುವುದು ರಸ್ತೆಯನ್ನು, ಗದ್ದಲವನ್ನಲ್ಲ. ಒಂದು ಕುರ್ಚಿ, ಒಂದು ದೀಪ, ಹೊತ್ತಿಗೊಬ್ಬ ಗಿರಾಕಿ ಇರುವ ಟ್ಯಾಟೂ ಅಂಗಡಿಗಿಂತ ಪಕ್ಕದ ಮನೆಯ ಮಿಕ್ಸಿ ಹೆಚ್ಚು ಸದ್ದು ಮಾಡುತ್ತದೆ. ವಕೀಲರು, ವೈದ್ಯರು ತಮ್ಮ ಮನೆಯಲ್ಲೇ ಸಣ್ಣ ಕಚೇರಿ ಇಟ್ಟುಕೊಳ್ಳಲು ವಿನಾಯಿತಿ ಉಂಟು. ‘ನಾನೂ ಕಲಾವಿದೆ ಅಲ್ವಾ ಮಾಮ, ನನ್ನನ್ನ ಯಾಕೆ ಆ ಸಾಲಿಗೆ ಸೇರಿಸಬಾರದು?’ ಅಂತ ಅವಳು ಕೇಳಿದಳು. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಎಂಬ ಊರು ಟ್ಯಾಟೂ ಅಂಗಡಿಗಳನ್ನು ಪೂರ್ತಿ ಹೊರಗಿಟ್ಟಿದ್ದಾಗ, ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ, ಹಚ್ಚೆ ಹಾಕುವುದು ಅಭಿವ್ಯಕ್ತಿಯೇ, ಊರಿಗೆ ಊರೇ ಅದನ್ನು ನಿಷೇಧಿಸುವಂತಿಲ್ಲ ಎಂದಿತು. ನಮ್ಮಲ್ಲಿ ಅದು ಸದ್ಯಕ್ಕೆ ವ್ಯಾಪಾರ. ಅವಳ ಅರ್ಜಿ ಹೋದದ್ದು ಸಲೂನ್, ಬ್ಯೂಟಿ ಪಾರ್ಲರ್‌ಗಳ ಸಾಲಿನಲ್ಲಿ.

ಹೊಂಗೆ ಮರದ ಮನೆಯ ಮಾಲೀಕರಿಗೆ ರಸ್ತೆಯ ಅಳತೆ ಹೇಳಿದೆವು. ಅವರೇನೂ ಬೆಚ್ಚಲಿಲ್ಲ. ‘ಮನೆ ಥರಾನೇ ಇಟ್ಕೊಳ್ಳಿ ಸಾರ್, ಬೋರ್ಡು ಚಿಕ್ಕದಾಗಿ ಹಾಕಿದ್ರೆ ಆಯ್ತು. ಮೀಟರ್ ಒಂದು ಮುಟ್ಟಬೇಡಿ’ ಅಂದರು. ಆ ಮೀಟರಿಗೆ ಗೃಹಜ್ಯೋತಿ ಬರುತ್ತಿತ್ತು. ವಾಣಿಜ್ಯ ಸಂಪರ್ಕವಾದರೆ ಅದು ಹೋಗುತ್ತದೆ. ಕಂದಾಯವನ್ನೂ ಅವರು ವಾಸದ ಮನೆಯ ದರದಲ್ಲೇ ಕಟ್ಟುತ್ತಿದ್ದರು, ಅಂಗಡಿ ಅಂತ ತೋರಿಸಿದರೆ ದರ ಏರುತ್ತದೆ. ಅಂದರೆ ಬಾಡಿಗೆ ಅಂಗಡಿಯದು, ತೆರಿಗೆ ಮನೆಯದು, ಕರೆಂಟು ಸರ್ಕಾರದ್ದು. ಅಪಾಯ ಮಾತ್ರ ಬಾಡಿಗೆದಾರಳದು. ಮನೆಯ ಮೀಟರಿನಲ್ಲಿ ಅಂಗಡಿ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಆ ಬಿಲ್ಲು ಬಂದ ದಿನ ‘ನಿಮ್ಮ ಅಂಗಡಿ, ನೀವೇ ಕಟ್ಟಿ’ ಅನ್ನುವ ಮಾಲೀಕರೇ ಹೆಚ್ಚು.

ಇಲ್ಲಿ ಇನ್ನೊಂದು ತೊಡಕಿದೆ. ಬಾಡಿಗೆ ಕರಾರಿಲ್ಲದೆ ಲೈಸೆನ್ಸಿಗೆ ಅರ್ಜಿ ಹಾಕಲಾಗದು. ಅಡ್ವಾನ್ಸ್ ಕೊಡದೆ ಮಾಲೀಕರು ಕರಾರು ಬರೆಯುವುದಿಲ್ಲ. ಲೈಸೆನ್ಸ್ ತೋರಿಸದೆ ಬ್ಯಾಂಕು ಮುದ್ರಾ ಸಾಲದ ಕಡತ ಮುಂದಕ್ಕೆ ಸರಿಸುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಹೆಚ್ಚು ಅಪಾಯದ ಘಟ್ಟದಲ್ಲಿ ಹೊರಗೆ ಹೋಗುವುದು ಸ್ವಂತ ದುಡ್ಡು, ಬ್ಯಾಂಕಿನದಲ್ಲ. ಸಾಲ ಕೊಡುವ ಕಡೆ ಕೂತಿದ್ದಾಗ ಇದು ನನಗೆ ಸರಿಯಾದ ಎಚ್ಚರಿಕೆಯಾಗಿ ಕಾಣುತ್ತಿತ್ತು. ಮೇಜಿನ ಈಚೆ ಬಂದಾಗಲೂ ಅದು ಸರಿಯೇ, ಸ್ವಲ್ಪ ಉರಿ ಜಾಸ್ತಿ.

ಇದಕ್ಕೆ ನಾವು ಮಾಡಿದ ಉಪಾಯ ಸರಳ. 10 ಸಾವಿರ ಟೋಕನ್ ಕೊಡುತ್ತೇವೆ, ಕಟ್ಟಡದ ಅಥವಾ ರಸ್ತೆಯ ಕಾರಣಕ್ಕೆ ಲೈಸೆನ್ಸ್ ಸಿಗದಿದ್ದರೆ ವಾಪಸು ಕೊಡಬೇಕು ಅಂತ ಒಂದು ಸಾಲು ಬರೆದು ಸಹಿ ಹಾಕಿ ಎಂದು ಕೇಳಿದೆವು. ಹೊಂಗೆ ಮರದವರು ‘ಅದೆಲ್ಲ ಯಾಕೆ, ನಂಬಿಕೆ ಇಲ್ವಾ?’ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಆ ಒಂದು ಸಾಲು ಬರೆಯಲು ಒಪ್ಪದ ಮಾಲೀಕರಿಗೆ ತಮ್ಮ ಕಟ್ಟಡದ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ.

ಆಮೇಲೆ ಮುಖ್ಯರಸ್ತೆ ನೋಡಿದೆವು. ಗ್ರೌಂಡ್ ಫ್ಲೋರ್ ಬಾಡಿಗೆ 60 ಸಾವಿರ, ನಮ್ಮ ಲೆಕ್ಕಕ್ಕೆ ನಿಲುಕದ್ದು. ಅದೇ ಕಟ್ಟಡದ ಎರಡನೇ ಮಹಡಿ 33 ಸಾವಿರಕ್ಕಿತ್ತು. ಯಾರೂ ಮೆಟ್ಟಿಲು ಹತ್ತಿ ಬರುವುದಿಲ್ಲ ಅಂತ ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು. ಟ್ಯಾಟೂ ಅಂಗಡಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ನನಗನ್ನಿಸಿದ್ದು ಅಲ್ಲಿ. ಅವಳ ಗಿರಾಕಿಗಳು ಇನ್‌ಸ್ಟಾಗ್ರಾಮಿನಲ್ಲಿ ಕೆಲಸ ನೋಡಿ, ಮುಂಗಡ ಕಳಿಸಿ, ಸಮಯ ಗೊತ್ತು ಮಾಡಿಕೊಂಡು ಬರುವವರು. ರಸ್ತೆಯಲ್ಲಿ ಹೋಗುತ್ತಾ ಹೋಗುತ್ತಾ ‘ಒಂದು ಹಚ್ಚೆ ಹಾಕಿಸಿಕೊಂಡು ಹೋಗೋಣ’ ಅಂತ ಒಳಗೆ ನುಗ್ಗುವವರಲ್ಲ. ಅಗಲ ರಸ್ತೆ ಬೇಕಿರುವುದು ಕಾನೂನಿಗೆ, ಗಿರಾಕಿಗಲ್ಲ. ಕಾನೂನು ಕೇಳುವುದು ರಸ್ತೆಯ ಅಗಲ, ಮಹಡಿಯ ಸಂಖ್ಯೆಯಲ್ಲ. ದರ್ಜಿ, ಟ್ಯೂಷನ್ ಮೇಷ್ಟ್ರು, ಲೆಕ್ಕಪತ್ರ ಬರೆಯುವವರು, ಹೀಗೆ ಗಿರಾಕಿಯೇ ಹುಡುಕಿಕೊಂಡು ಬರುವ ಕಸುಬಿನವರೆಲ್ಲ ಮುಖ್ಯರಸ್ತೆಯ ಮೇಲ್ಮಹಡಿಗಳನ್ನು ಮೊದಲು ನೋಡುವುದು ಒಳ್ಳೆಯದು.

ಆದರೂ 21 ಸಾವಿರಕ್ಕೂ 33 ಸಾವಿರಕ್ಕೂ ತಿಂಗಳಿಗೆ 12 ಸಾವಿರ, ವರ್ಷಕ್ಕೆ 1.44 ಲಕ್ಷ ವ್ಯತ್ಯಾಸ. ‘ಅಷ್ಟು ಯಾಕೆ ಸುರೀತೀಯ?’ ಅಂತ ಅಕ್ಕ ಕೇಳಿದಳು. ಅವಳೆದುರೇ ಲೆಕ್ಕ ಬರೆದೆ. ಕುರ್ಚಿ, ಯಂತ್ರ, ದೀಪ, ಸೂಜಿ ಹಿಡಿಕೆಗಳನ್ನು ಒತ್ತಡದ ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್, ಇವನ್ನೆಲ್ಲ ಇನ್ನೊಂದು ಕಡೆ ಹೊತ್ತುಕೊಂಡು ಹೋಗಬಹುದು. ಟೈಲ್ಸು, ಸಿಂಕು, ಪಾರ್ಟಿಷನ್, ವೈರಿಂಗು, ಸೀಲಿಂಗು ಹೊತ್ತುಕೊಂಡು ಹೋಗಲಾಗದು. ಆ ಬಾಬ್ತು 3.25 ಲಕ್ಷ. ಒಳರಸ್ತೆಯ ಅಂಗಡಿ 27 ತಿಂಗಳು ಯಾರ ದೂರಿಗೂ ಸಿಕ್ಕದೆ ನಡೆದರೆ ಮಾತ್ರ ಉಳಿಸಿದ ಬಾಡಿಗೆ ಆ ಮೊತ್ತಕ್ಕೆ ಸಮ. ಅದಕ್ಕೆ ಮುಂಚೆ ಒಬ್ಬ ನೆರೆಯವರು ಒಂದು ಅರ್ಜಿ ಬರೆದರೆ ಅಷ್ಟೂ ನಷ್ಟ, ಮೇಲೆ ಅಡ್ವಾನ್ಸ್ ವಾಪಸಿಗೆ ಅಲೆದಾಟ. ಲೈಸೆನ್ಸಿಲ್ಲದ ಅಂಗಡಿಗೆ ಮುದ್ರಾ ಸಾಲವೂ ಇಲ್ಲ, ಆಗ ಕೈಸಾಲದ ಬಡ್ಡಿ ಕಟ್ಟಬೇಕು. ಅಕ್ಕ ಆಮೇಲೆ ಮಾತಾಡಲಿಲ್ಲ.

ಮುಖ್ಯರಸ್ತೆಯ ಮಾಲೀಕರು ಟೋಕನ್ ವಾಪಸಿನ ಆ ಸಾಲಿಗೆ ಸಹಿ ಹಾಕಿದರು. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಆರಕ್ಕೆ ಇಳಿದರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಅಂಗಡಿಗಳಿಗೆ ಹೇಳುವುದೂ ಆರು ತಿಂಗಳನ್ನೇ, ಆದರೆ ಆ ಮಾತು ತೆಗೆದಿದ್ದರೆ ನಮ್ಮ ಮಾರುಕಟ್ಟೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವರು ಇಳಿದದ್ದು ಮಹಡಿ ಖಾಲಿ ಇದ್ದುದಕ್ಕೆ. ಲೈಸೆನ್ಸ್ ಕೈಗೆ ಬರುವವರೆಗೆ ಅರ್ಧ ಬಾಡಿಗೆ ಅಂತಲೂ ಬರೆಸಿಕೊಂಡೆವು. ಇದನ್ನು ಕೇಳಲು ಸಂಕೋಚ ಬೇಡ. ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಾಗ ಬಾಡಿಗೆ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ. ಕರಾರನ್ನು ಹನ್ನೊಂದು ತಿಂಗಳಿಗೆ ಬರೆಯದೆ ಮೂರು ವರ್ಷಕ್ಕೆ ಬರೆದು ನೋಂದಣಿ ಮಾಡಿಸಿದೆವು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಅದರ ಖರ್ಚಿಗೆ ಹೆದರಿಯೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ನೆಲಕ್ಕೆ, ಗೋಡೆಗೆ 3.25 ಲಕ್ಷ ಸುರಿದವರು ಹನ್ನೊಂದು ತಿಂಗಳ ಕಾಗದ ನಂಬಿ ನಿದ್ದೆ ಮಾಡಲಾಗದು.

ಮಾಲೀಕರ ಮನೆ ಮೇಲಿನ ಮಹಡಿಯಲ್ಲಿ. ಅವರ ಹೆಂಡತಿ ಕೇಳಿದ್ದು ಎರಡೇ ಮಾತು. ‘ರಾತ್ರಿ ಎಷ್ಟು ಹೊತ್ತಿಗೆ ಮುಚ್ತೀಯಮ್ಮ? ಆ ಸೂಜಿ ಎಲ್ಲಿ ಬಿಸಾಕ್ತೀಯ?’ ಲೈಸೆನ್ಸ್ ಕೊಡುವವರಿಗಿಂತ ಮುಖ್ಯವಾದ ಪ್ರಶ್ನೆ ಅವರದ್ದು ಅಂತ ನನ್ನ ಅಭಿಪ್ರಾಯ. ಎಂಟೂವರೆಗೆ ಮುಚ್ಚುವುದಾಗಿ ಕರಾರಿನಲ್ಲೇ ಬರೆದೆವು. ಸೂಜಿ ಪ್ರತಿ ಗಿರಾಕಿಗೂ ಹೊಸದು, ಮುಗಿದ ಮೇಲೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಯ ಸೂಜಿಗಳಿಗೆ ಹೇಳುವ ಕ್ರಮ ಅದು. ಆ ಡಬ್ಬಿಯನ್ನು ಒಯ್ಯುವವರಿಗೆ ತಿಂಗಳಿಗಿಷ್ಟು ಅಂತ ಕೊಡಬೇಕು, ಅದೂ ಖರ್ಚಿನ ಪಟ್ಟಿಯಲ್ಲಿರಲಿ. ಗಿರಾಕಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ, ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬುದನ್ನೂ ಅಚ್ಚು ಹಾಕಿಸಿದ್ದಾಳೆ. 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಟ್ಯಾಟೂ ಇಂಕುಗಳಲ್ಲಿ 22 ಬಗೆಯ ಲೋಹಗಳು ಪತ್ತೆಯಾಗಿವೆ, ಇದಕ್ಕೆ ನಿಯಮ ಬೇಕೆಂದು ಕೇಂದ್ರಕ್ಕೆ ಬರೆಯುತ್ತೇವೆ ಎಂದರು. ಅಂದಿನಿಂದ ಅವಳು ಇಂಕಿನ ಪ್ರತಿ ಬಾಟಲಿಯ ಬಿಲ್ಲು, ಬ್ಯಾಚ್ ನಂಬರ್ ಇಟ್ಟುಕೊಳ್ಳುತ್ತಿದ್ದಾಳೆ. ಅಗ್ಗದ ಇಂಕು ಬಿಟ್ಟದ್ದರಿಂದ ತಿಂಗಳ ಖರ್ಚು ಏರಿದೆ, ದರವನ್ನೂ ಏರಿಸಿದ್ದಾಳೆ. ಗಿರಾಕಿಗಳು ಗೊಣಗಲಿಲ್ಲ.

ಬೋರ್ಡಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ: ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ, ಡಿಸೈನ್ ಮಾಡುವವರಿಗೆ ಇದನ್ನು ಮೊದಲೇ ತಿಳಿಸಿದರೆ ಎರಡನೇ ಬೋರ್ಡಿನ ದುಡ್ಡು ಉಳಿಯುತ್ತದೆ.

ಜಿಎಸ್‌ಟಿ ಮಾಡಿಸಿದರೆ ಗೌರವ ಹೆಚ್ಚು ಅಂತ ಸಲಹೆ ಕೊಟ್ಟವರಿದ್ದರು. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಅವಳದು 17 ಲಕ್ಷದ ಆಸುಪಾಸು. ಹುಮ್ಮಸ್ಸಿನಲ್ಲಿ ನೋಂದಾಯಿಸಿಕೊಂಡರೆ ಗಿರಾಕಿಯ ಬಿಲ್ಲಿಗೆ ತೆರಿಗೆ ಸೇರುತ್ತದೆ. ಮಾಲೀಕರು ನೋಂದಾಯಿತರಲ್ಲದಿದ್ದರೆ ಬಾಡಿಗೆಯ ಮೇಲಿನ ಶೇ 18 ಕೂಡ 2024ರ ಅಕ್ಟೋಬರ್ 10ರಿಂದ ಬಾಡಿಗೆದಾರರೇ ಕಟ್ಟಬೇಕು. 33 ಸಾವಿರಕ್ಕೆ ತಿಂಗಳಿಗೆ 5,940 ರೂಪಾಯಿ. ಆಮೇಲೆ ಅದನ್ನು ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು ಅನ್ನುವುದು ನಿಜ, ಆದರೆ ಕೈಯಿಂದ ಮೊದಲು ಹೋಗಲೇಬೇಕು. ಕಾನೂನು ಕೇಳುವವರೆಗೆ ಸುಮ್ಮನಿರು ಎಂದೆ.

ಈಗ ಅಂಗಡಿ ನಡೆಯುತ್ತಿದೆ. ಬಾಡಿಗೆ, ಕಂತು, ಇಂಕು, ಕರೆಂಟು ಎಲ್ಲ ಕಳೆದು ಆ 70 ಸಾವಿರದಲ್ಲಿ ಹತ್ತು ಸಾವಿರದಷ್ಟು ಉಳಿಯುತ್ತದೆ. ದೊಡ್ಡ ಲಾಭವಲ್ಲ, ಆದರೆ ಕಂತು ಮುಗಿದ ದಿನ ಅದು ಸುಮಾರು ಎರಡು ಪಟ್ಟಾಗುತ್ತದೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನೀವು ಅರ್ಜಿ ಹಾಕುವ ಮುಂಚೆ ನಿಮ್ಮ ರಸ್ತೆ ಯಾವುದಕ್ಕೆ ಸೇರಿತು ಎಂದು ವಿಚಾರಿಸಿಕೊಳ್ಳಿ. ಲೈಸೆನ್ಸಿನ ವರ್ಷ ಏಪ್ರಿಲ್‌ನಿಂದ ಮಾರ್ಚ್, ನೀವು ಅಂಗಡಿ ತೆರೆದ ತಿಂಗಳಿಗೂ ಅದಕ್ಕೂ ಸಂಬಂಧವಿಲ್ಲ. ನವೀಕರಣದ ದುಡ್ಡನ್ನು ಫೆಬ್ರವರಿಯಲ್ಲೇ ತೆಗೆದಿಡಿ, ತಡವಾದಷ್ಟೂ ದಂಡ ಏರುತ್ತದೆ.