ಕಾಲು ಉಳುಕಿದೆಯೇ? ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡಿ



ಹೃದಯದ ಡಾಕ್ಟರಿಗೆ ಕಾಲಿನ ಗಂಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಬಳಿ ಬರುವ ಪ್ರತಿಯೊಬ್ಬರ ಪಾದದ ಗಂಟನ್ನೂ ನಾನು ಒತ್ತಿ ನೋಡುತ್ತೇನೆ. ಹೃದಯ ಸೋತಾಗ ನೀರು ಬಂದು ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ. ಇದು ಒಂದು ಕಾರಣ. ಇನ್ನೊಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ನಮ್ಮ ಅಮ್ಮನ ಕಾಲು ಉಳುಕಿದಾಗ ತಪ್ಪು ಸಲಹೆ ಕೊಟ್ಟವನು ನಾನೇ.

ಅಮ್ಮ ದಸರಾ ಗೊಂಬೆ ಕೂರಿಸುವ ಹೊತ್ತಿಗೆ ಹಾಸನದಿಂದ ಪುರಸೈವಾಕ್ಕಂಗೆ ಬಂದಿದ್ದರು. 71 ವರ್ಷ, ಬಿಪಿ ಇದೆ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರೆ. ಇಲ್ಲಿಯ ಹೈರೋಡ್ ಗೊತ್ತಲ್ಲ, ಮೆಟ್ರೊ ಕೆಲಸ ಶುರುವಾದ ಮೇಲೆ ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ, ಹಳ್ಳ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ. ತರಕಾರಿ ಚೀಲ ಹಿಡಿದು ಕೆಳಗಿಳಿಯುವಾಗ ಬಲಗಾಲು ಒಳಕ್ಕೆ ತಿರುಗಿತು. ನಾನು ಆಸ್ಪತ್ರೆಯಲ್ಲಿ ಕ್ಯಾಥ್‌ಲ್ಯಾಬ್‌ನಲ್ಲಿದ್ದೆ. ಫೋನಿನಲ್ಲಿ ಅಮ್ಮನೇ ಹೇಳಿದರು, "ಏನಿಲ್ಲ ಕಣೋ, ಉಳುಕಿದೆ ಅಷ್ಟೆ." ನಾನೂ ಅಷ್ಟೆ ಅಂದುಕೊಂಡೆ. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳಿ ಎಂದು ಹೇಳಿ ಫೋನ್ ಇಟ್ಟೆ. "ಎದ್ದು ನಾಲ್ಕು ಹೆಜ್ಜೆ ನಡೆಯಲು ಆಗುತ್ತಾ ಅಮ್ಮಾ?" ಎಂಬ ಒಂದು ಪ್ರಶ್ನೆ ಕೇಳಲಿಲ್ಲ.

ಅದು ಯಾಕೆ ಅಷ್ಟು ಮುಖ್ಯವಾದ ಪ್ರಶ್ನೆ ಎಂದು ತಿಳಿಯಬೇಕಾದರೆ ಗಂಟಿನ ಒಳಗೆ ಏನಿದೆ ಎಂದು ನೋಡಬೇಕು. ಇದನ್ನು ಓದುತ್ತಿರುವಾಗಲೇ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿಕೊಂಡು ಮುಟ್ಟಿ ನೋಡಿ.

*ಮುಟ್ಟಿ ನೋಡಿ ಕಲಿಯುವ ಪಾಠ*

ಗಂಟಿನ ಎರಡೂ ಕಡೆ ಉಬ್ಬಿದ ಎಲುಬು ಸಿಗುತ್ತದೆ. ನಮ್ಮ ಕಡೆ ಹರಡು, ಗಿಣ್ಣು ಎನ್ನುವುದು ಇದನ್ನೇ. ಒಳಗಿನ ಉಬ್ಬು ಟಿಬಿಯಾ ಎಂಬ ದಪ್ಪ ಎಲುಬಿನ ತುದಿ, ಹೊರಗಿನದು ಫಿಬುಲಾ ಎಂಬ ಸಣ್ಣ ಎಲುಬಿನ ತುದಿ. ಹೆಬ್ಬೆರಳನ್ನು ಒಂದರ ಮೇಲೆ, ತೋರುಬೆರಳನ್ನು ಇನ್ನೊಂದರ ಮೇಲೆ ಇಡಿ. ಹೊರಗಿನದು ಸುಮಾರು ಒಂದು ಸೆಂಟಿಮೀಟರ್ ಕೆಳಗಿದೆ, ಅಲ್ಲವೇ? ಹಾಗಾಗಿ ಪಾದ ಹೊರಕ್ಕೆ ತಿರುಗಲು ಹೋದರೆ ಆ ಎಲುಬು ಅಡ್ಡ ಬರುತ್ತದೆ. ಒಳಕ್ಕೆ ತಿರುಗಲು ಅಷ್ಟು ತಡೆಯಿಲ್ಲ. ಉಳುಕುಗಳಲ್ಲಿ ಹೆಚ್ಚಿನವು ಪಾದ ಒಳಕ್ಕೆ ಮಡಚಿ ಆಗುವುದಕ್ಕೆ ಇದೂ ಒಂದು ಕಾರಣ.

ಈ ಎರಡು ಉಬ್ಬುಗಳ ನಡುವೆ ಸ್ಪ್ಯಾನರ್ ಬಾಯಲ್ಲಿ ನಟ್ ಸಿಕ್ಕಿಕೊಂಡ ಹಾಗೆ ಟೇಲಸ್ ಎಂಬ ಎಲುಬು ಕೂತಿದೆ. ವಿಚಿತ್ರವಾದ ಎಲುಬು ಇದು. ಇದಕ್ಕೆ ಒಂದು ಮಾಂಸಖಂಡವೂ ಅಂಟಿಕೊಂಡಿಲ್ಲ. ಮೇಲ್ಮೈಯ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿ. ರಕ್ತದ ಸರಬರಾಜೂ ಕಡಿಮೆ, ಆದ್ದರಿಂದ ಇದು ಮುರಿದರೆ ಕೂಡಲು ಬಹಳ ಸತಾಯಿಸುತ್ತದೆ. ನಡೆಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ.

ಟೇಲಸ್ ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆ ಬಾಗಿದಾಗ ಅಗಲದ ಭಾಗ ಸ್ಪ್ಯಾನರಿಗೆ ಬಿಗಿಯಾಗಿ ಕೂರುತ್ತದೆ. ಬೆರಳು ಕೆಳಕ್ಕೆ ಚಾಚಿದಾಗ ಕಿರಿದಾದ ಭಾಗ ಬಂದು ಗಂಟು ಸಡಿಲವಾಗುತ್ತದೆ. ಮೆಟ್ಟಿಲು ಇಳಿಯುವಾಗ, ಬಸ್ಸಿನಿಂದ ಕಾಲು ಚಾಚುವಾಗ, ಹೈಹೀಲ್ಸ್ ಹಾಕಿದಾಗ ಪಾದ ಇದೇ ಭಂಗಿಯಲ್ಲಿರುತ್ತದೆ. ಹತ್ತುವಾಗ ಉಳುಕಿಸಿಕೊಳ್ಳುವವರು ಕಡಿಮೆ, ಇಳಿಯುವಾಗಲೇ ಜಾಸ್ತಿ.

ಎಲುಬುಗಳನ್ನು ಕಟ್ಟಿ ಹಿಡಿದಿರುವುದು ಲಿಗಮೆಂಟ್ ಎಂಬ ಪಟ್ಟಿಗಳು. ಒಳಗಡೆ ಬೀಸಣಿಗೆಯ ಆಕಾರದ ಒಂದು ಬಲವಾದ ಪಟ್ಟಿ ಇದೆ, ಅದು ಸುಲಭಕ್ಕೆ ಹರಿಯುವುದಿಲ್ಲ. ಹೊರಗಡೆ ಮೂರು ತೆಳು ಪಟ್ಟಿಗಳು. ಹೊರ ಹರಡಿನ ಸ್ವಲ್ಪ ಮುಂದೆ, ಕೆಳಗೆ ಬೆರಳಿಟ್ಟರೆ ಒಂದು ಮೆತ್ತನೆಯ ತಗ್ಗು ಸಿಗುತ್ತದೆ. ಮೂರರಲ್ಲಿ ಎಲ್ಲಕ್ಕಿಂತ ದುರ್ಬಲವಾದ ಪಟ್ಟಿ ಅಲ್ಲಿದೆ, ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ. ಬರೀ ಎಳೆದಿದ್ದರೆ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಅರ್ಧ ಹರಿದಿದ್ದರೆ ತಿಂಗಳು, ಒಂದೂವರೆ ತಿಂಗಳು. ಪೂರ್ತಿ ಹರಿದಿದ್ದರೆ ಮೂರು ತಿಂಗಳೂ ಆಗಬಹುದು.

2023ರ ವಿಶ್ವಕಪ್ ನೆನಪಿದೆಯೇ? ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದೇಶದ ವಿರುದ್ಧ ಹಾರ್ದಿಕ್ ಪಾಂಡ್ಯ ತಮ್ಮದೇ ಎಸೆತಕ್ಕೆ ವಾಪಸ್ ಬಂದ ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಎಡಗಾಲಿನ ಗಂಟು ತಿರುಚಿಕೊಂಡರು. ಓವರಿನ ಉಳಿದ ಮೂರು ಎಸೆತ ಕೊಹ್ಲಿ ಹಾಕಬೇಕಾಯಿತು. ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಚಿಕಿತ್ಸೆ ಆದರೂ ಅವರು ಮತ್ತೆ ಆ ವಿಶ್ವಕಪ್ ಆಡಲಿಲ್ಲ. ಆ ಜಾಗಕ್ಕೆ ತಂಡ ಸೇರಿದವರು ನಮ್ಮ ಪ್ರಸಿದ್ಧ್ ಕೃಷ್ಣ. ಅಷ್ಟು ಫಿಟ್ ಆಗಿರುವ ಆಟಗಾರನಿಗೇ ಈ ಗತಿ. ಇನ್ನು ಹೋಟೆಲಿನ ಒದ್ದೆ ನೆಲದ ಮೇಲೆ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ನಮ್ಮ ಅಡುಗೆಯವರು ಉಳುಕಿದ ಕಾಲಿನಲ್ಲೇ ಮಾರನೆಯ ಬೆಳಿಗ್ಗೆ ದೋಸೆಕಲ್ಲಿನ ಮುಂದೆ ನಿಂತರೆ ಅದು ವಾಸಿಯಾಗುವುದು ಯಾವಾಗ?

*ಉಳುಕೋ, ಮುರಿತವೋ?*

ಇದನ್ನು ಮನೆಯಲ್ಲೇ ಅಂದಾಜು ಮಾಡಲು ಒಂದು ದಾರಿ ಇದೆ. ಕೆನಡಾದ ಆಟವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳಿವು. ಇವತ್ತಿಗೂ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬಳಸುತ್ತಾರೆ.

ಎರಡೂ ಹರಡುಗಳ ತುದಿಯನ್ನು, ಮತ್ತು ಅವುಗಳ ಹಿಂದಿನ ಅಂಚನ್ನು ಸುಮಾರು 6 ಸೆಂಟಿಮೀಟರ್ ಮೇಲಿನವರೆಗೆ, ಬೆರಳಿನಿಂದ ಒತ್ತುತ್ತಾ ಹೋಗಿ. ಮೆತ್ತಗಿನ ಜಾಗವನ್ನಲ್ಲ, ಎಲುಬನ್ನೇ ಒತ್ತಬೇಕು. ಆಮೇಲೆ ಪಾದದ ಹೊರ ಅಂಚಿನ ಮಧ್ಯದಲ್ಲಿ, ಕಿರುಬೆರಳಿನ ಸಾಲಿನಲ್ಲಿ ಉಬ್ಬಿದ ಎಲುಬು, ಮತ್ತು ಪಾದದ ಒಳಬದಿಯಲ್ಲಿ ಕಮಾನಿನ ಮೇಲಿರುವ ಎಲುಬು. ಎಲ್ಲಿಯಾದರೂ ಎಲುಬು ಒತ್ತಿದಾಗ ನೋವಾದರೆ ಎಕ್ಸ್-ರೇ ಬೇಕು.

ಹಾಗೆಯೇ ನಾಲ್ಕು ಹೆಜ್ಜೆ. ಕುಂಟಿಕೊಂಡಾದರೂ ಸರಿ, ಎರಡೂ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲು ಬಿದ್ದ ತಕ್ಷಣವೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ ಎಂದರೆ ಎಕ್ಸ್-ರೇ ಬೇಕು. ಎಲುಬಿನ ನೋವಿಲ್ಲ, ನಾಲ್ಕು ಹೆಜ್ಜೆಯೂ ನಡೆಯುತ್ತಾರೆ ಎಂದಾದರೆ ಮುರಿದಿರುವ ಸಂಭವ ಬಹಳ ಕಡಿಮೆ. ಆದರೆ ಸಣ್ಣ ಮಕ್ಕಳ ವಿಷಯದಲ್ಲಿ, ಮತ್ತು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರ ವಿಷಯದಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ. ಅಂಥವರಿಗೆ ನೋವೇ ಇಲ್ಲದೆ ಪಾದ ಕೆಂಪಾಗಿ, ಬಿಸಿಯಾಗಿ ಊದಿದ್ದರೂ ಅದೇ ದಿನ ತೋರಿಸಿ.

ಪುರಸೈವಾಕ್ಕಂ, ಅಯನಾವರಂ, ಓಟೇರಿ ಕಡೆಯವರಿಗೆ ಹತ್ತಿರದ ಸರ್ಕಾರಿ ದೊಡ್ಡಾಸ್ಪತ್ರೆ ಕೀಳ್ಪಾಕ್ಕಂ ಕೆಎಂಸಿ. (ಕೆಎಂಸಿ ಎಂದಾಗ ಮಣಿಪಾಲವೋ ಹುಬ್ಬಳ್ಳಿಯೋ ನೆನಪಾಗುವುದು ನಮ್ಮ ಹಣೆಬರಹ.) ಊರಿಗೆ ಹೊಸಬರಾಗಿ ತಮಿಳು ಬರದಿದ್ದರೆ ಇಷ್ಟು ಕಲಿತುಕೊಂಡು ಹೋಗಿ: ಉಳುಕಿಗೆ ಸುಳುಕ್ಕು, ಊತಕ್ಕೆ ವೀಕ್ಕಂ, ಪಾದದ ಗಂಟಿಗೆ ಕಣುಕ್ಕಾಲ್. "ಎಲುಂಬ ತೊಟ್ಟಾ ವಲಿಕ್ಕುದು, ನಾಲು ಅಡಿ ನಡಕ್ಕ ಮುಡಿಯಲ" ಎಂದರೆ ಎಲುಬು ಮುಟ್ಟಿದರೆ ನೋವು, ನಾಲ್ಕು ಹೆಜ್ಜೆ ನಡೆಯಲು ಆಗುತ್ತಿಲ್ಲ ಎಂದು. ಡಾಕ್ಟರಿಗೆ ಬೇಕಾದ ಎರಡೂ ಸಂಗತಿ ಅದರಲ್ಲೇ ಬಂತು.

*ಮೊದಲ ಮೂರು ದಿನ*

ಅಮ್ಮನಿಗೆ ಪಕ್ಕದ ಮನೆಯ ಮಾಮಿ ಎಣ್ಣೆ ಬಿಸಿ ಮಾಡಿ ನೀವಿದರು, ಉಪ್ಪಿನ ಶಾಖ ಕೊಟ್ಟರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಒಳಗೆ ರಕ್ತ ಸೋರುತ್ತಿರುವಾಗ ಶಾಖ ಮತ್ತು ನೀವುವುದು ಎರಡೂ ಊತವನ್ನು ಹೆಚ್ಚಿಸುತ್ತವೆ. ಮೊದಲ ಎರಡು ಮೂರು ದಿನ ಬೇಕಾದದ್ದು ತಂಪು. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಐಸ್ ಇಲ್ಲದಿದ್ದರೆ ಫ್ರೀಜರಿನಲ್ಲಿ ಗಟ್ಟಿಯಾದ ಆವಿನ್ ಹಾಲಿನ ಪ್ಯಾಕೆಟ್ ಸಾಕು. ಬರಿ ಚರ್ಮದ ಮೇಲೆ ಮಾತ್ರ ಇಡಬೇಡಿ.

ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತುತ್ತಾ ಹೋಗಬೇಕು. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ತಣ್ಣಗಾದರೆ ತಕ್ಷಣ ಬಿಚ್ಚಿ. ಕಾಲನ್ನು ಎತ್ತರದಲ್ಲಿಡಿ ಎಂದರೆ ಕುರ್ಚಿಯ ಮುಂದೆ ಸ್ಟೂಲ್ ಇಟ್ಟುಕೊಳ್ಳುವುದಲ್ಲ. ಮಲಗಿ, ಎರಡು ದಿಂಬಿನ ಮೇಲೆ, ಹೃದಯಕ್ಕಿಂತ ಎತ್ತರದಲ್ಲಿ.

ಚೆನ್ನೈನಲ್ಲಿ ಬೀದಿಗೊಂದು "ಪುತ್ತೂರು ಕಟ್ಟು" ಬೋರ್ಡ್ ಕಾಣುತ್ತದೆ. ನಮ್ಮ ದಕ್ಷಿಣ ಕನ್ನಡದ ಪುತ್ತೂರು ಅಂದುಕೊಂಡು ಒಳಗೆ ಹೋದವರನ್ನು ಬಲ್ಲೆ. ಅದು ಆಂಧ್ರದಲ್ಲಿ ತಿರುಪತಿ ಹತ್ತಿರದ ಪುತ್ತೂರು. ಪರಂಪರೆಯಿಂದ ಬಂದ ಕೈಚಳಕವನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಎಕ್ಸ್-ರೇ ಇಲ್ಲದೆ ಕಟ್ಟಿದ ಕಟ್ಟಿನ ಒಳಗೆ ಎಲುಬು ಜರುಗಿದೆಯೋ ಇಲ್ಲವೋ ಯಾರಿಗೂ ಗೊತ್ತಾಗದು, ಬಿಗಿ ಹೆಚ್ಚಾದರೆ ರಕ್ತವೇ ನಿಂತುಹೋಗಬಹುದು. ಎಲ್ಲಿಗಾದರೂ ಹೋಗಿ, ಮೊದಲು ಚಿತ್ರ ತೆಗೆಸಿಕೊಂಡು ಹೋಗಿ.

*ಮಾತ್ರೆಯ ವಿಷಯ*

ಇಲ್ಲಿಂದ ಮುಂದೆ ನನ್ನ ಇಲಾಖೆ. ದಯವಿಟ್ಟು ಇದನ್ನು ಎರಡು ಸಲ ಓದಿ.

ನೋವು ತಡೆಯಲಾಗದೆ ಅಮ್ಮ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಿಸಿಕೊಂಡಿದ್ದರು, ದಿನಕ್ಕೆ ಎರಡು. ಆರನೆಯ ದಿನ ಭಾನುವಾರ ನಾನು ನಿಧಾನವಾಗಿ ಕೂತು ನೋಡಿದಾಗ ಉಳುಕಿದ ಕಾಲು ಮಾತ್ರವಲ್ಲ, ಎರಡೂ ಕಾಲು ಊದಿದ್ದವು. ಬಿಪಿ 178/100. ಹೊರ ಹರಡಿನ ಹಿಂದೆ ಒತ್ತಿದೆ, "ಅಯ್ಯೋ ಮಗಾ" ಎಂದು ಕಿರುಚಿದರು. ಎಕ್ಸ್-ರೇಯಲ್ಲಿ ಫಿಬುಲಾ ಬಿರುಕು ಬಿಟ್ಟಿತ್ತು. ಪುಣ್ಯಕ್ಕೆ ಜರುಗಿರಲಿಲ್ಲ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನು ಕೆಡಿಸುತ್ತವೆ, ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ಹೃದಯಾಘಾತ ಆದವರು, ಹೃದಯ ದುರ್ಬಲವಾದವರು ಡೈಕ್ಲೋಫೆನಾಕ್ ತೆಗೆದುಕೊಳ್ಳಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ಹಿರಿಯರಿಗೆ, ಬಿಪಿ ಇರುವವರಿಗೆ ಮೊದಲು ಪ್ಯಾರಾಸಿಟಮಾಲ್ ಕೊಡಿ, ಅದೂ ಹೇಳಿದ ಅಳತೆಯಲ್ಲಿ. ಮೇಲೆ ಹಚ್ಚುವ ಜೆಲ್ ಪರವಾಗಿಲ್ಲ, ಅದರಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ತಿಕ್ಕಬೇಡಿ, ಮೆಲ್ಲಗೆ ಸವರಿ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಉಳುಕಿದಾಗ ಕಾಲು ಹೆಚ್ಚು ಕಪ್ಪಾಗುತ್ತದೆ. ಅದನ್ನು ನೋಡಿ ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಕಾಲಿನ ಕಪ್ಪು ಮೂರು ವಾರದಲ್ಲಿ ಹೋಗುತ್ತದೆ, ಸ್ಟೆಂಟ್ ಮುಚ್ಚಿದರೆ ಜೀವಕ್ಕೇ ಕುತ್ತು. ನಿಮ್ಮ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ.

ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇದೆ. ಮೀನಖಂಡ ಗಟ್ಟಿಯಾಗಿ ನೋಯುವುದು, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾಗುವುದು, ಎದೆ ನೋವು, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಎಂದು ಕಾಯಬೇಡಿ. ಉಸಿರು, ಎದೆಯ ತೊಂದರೆಗೆ 108ಕ್ಕೆ ಫೋನ್ ಮಾಡಿ.

*ವಾಸಿಯಾದ ಮೇಲೆ*

ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುತ್ತದೆ ಎಂಬುದು ಸುಳ್ಳಲ್ಲ. ಲಿಗಮೆಂಟಿನೊಳಗೆ ಪಾದ ಎಷ್ಟು ಓರೆಯಾಗಿದೆ ಎಂದು ಮೆದುಳಿಗೆ ತಿಳಿಸುವ ನರಗಳಿವೆ. ಹರಿದಾಗ ಆ ಸುದ್ದಿ ತಡವಾಗಿ ಮುಟ್ಟುತ್ತದೆ. ಅದನ್ನು ಮತ್ತೆ ಕಲಿಸಬೇಕು. ನೋವು ಕಡಿಮೆಯಾದ ಮೇಲೆ ಕುರ್ಚಿಯಲ್ಲಿ ಕೂತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ, ಳ ತನಕ, ದಿನಕ್ಕೆ ಎರಡು ಸಲ. ಅಮ್ಮ ಬರೆಯುವಾಗ ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳೂ ಪಕ್ಕದಲ್ಲಿ ಕೂತು ಬರೆಯುತ್ತಿದ್ದಳು. ಅಜ್ಜಿಯ ಕಾಲಿಗಾಗಿ ಶುರುವಾದದ್ದು, ಅವಳಿಗೆ ಒತ್ತಕ್ಷರದವರೆಗೂ ಬಂತು. ಆಮೇಲೆ ಹಲ್ಲುಜ್ಜುವಾಗ ಗೋಡೆಯ ಪಕ್ಕ ಒಂಟಿಕಾಲಿನಲ್ಲಿ 30 ಸೆಕೆಂಡು ನಿಲ್ಲುವುದು. ಹಿರಿಯರು ಗೋಡೆಯ ಮೇಲೆ ಕೈ ಇಟ್ಟುಕೊಂಡೇ ಮಾಡಲಿ.

ಇನ್ನೊಂದು ಗಾಯ ಭಾನುವಾರ ಮಾತ್ರ ಷಟಲ್ ಆಡುವ ನನ್ನ ವಯಸ್ಸಿನವರಿಗೆ. ಹಿಂದಿನಿಂದ ಯಾರೋ ಒದ್ದಂತೆ "ಟಪ್" ಎಂದು ಶಬ್ದವಾಗಿ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಹಿಮ್ಮಡಿಯ ಮೇಲಿನ ದಪ್ಪ ನಾರು, ಅಕಿಲಿಸ್ ಟೆಂಡನ್, ಹರಿದಿರುತ್ತದೆ. ಆ ಒಂದು ಕಾಲಿನ ತುದಿಬೆರಳಿನ ಮೇಲೆ ನಿಲ್ಲಲು ಆಗುವುದಿಲ್ಲ. ಇದನ್ನು ಉಳುಕೆಂದು ಬಿಟ್ಟರೆ ತಿಂಗಳುಗಟ್ಟಲೆ ಕುಂಟಬೇಕಾಗುತ್ತದೆ, ಅದೇ ದಿನ ತೋರಿಸಿ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗಳು ಈ ನಾರನ್ನು ದುರ್ಬಲಗೊಳಿಸಬಹುದು, ಅವನ್ನು ತೆಗೆದುಕೊಳ್ಳುವಾಗ ಆಟ ಬೇಡ.

ಬೀಳದೆ, ಉಳುಕದೆ ಎರಡೂ ಗಂಟು ಸಂಜೆಹೊತ್ತಿಗೆ ಊದುತ್ತಿದ್ದರೆ, ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೇ ಉಳಿದರೆ, ಅದು ಹೃದಯದ್ದೋ ಮೂತ್ರಪಿಂಡದ್ದೋ ಯಕೃತ್ತಿನದ್ದೋ ನೋಡಬೇಕಾಗುತ್ತದೆ. ಅಮ್ಲೊಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಹೀಗೆ ಊದುತ್ತದೆ. ಅದನ್ನೂ ನೀವೇ ನಿಲ್ಲಿಸಬೇಡಿ, ಚೀಟಿ ಹಿಡಿದು ಬನ್ನಿ, ಬದಲಿ ಮಾತ್ರೆ ಇದೆ.

ಅಮ್ಮ ಆರು ವಾರ ದಪ್ಪ ಬೂಟು ಹಾಕಿಕೊಂಡಿದ್ದರು. ಡೈಕ್ಲೋಫೆನಾಕ್ ನಿಲ್ಲಿಸಿದ ಹತ್ತು ದಿನದಲ್ಲಿ ಬಿಪಿ ಹಿಂದಿನ ಮಟ್ಟಕ್ಕೆ ಬಂತು. ಈ ವರ್ಷವೂ ಗೊಂಬೆ ಕೂರಿಸಲು ಬರುತ್ತಾರಂತೆ. ಹೈರೋಡಿನಲ್ಲಿ ತರಕಾರಿ ಚೀಲ ಹಿಡಿಯುವ ಕೆಲಸವನ್ನು ನನಗೆ ಕೊಟ್ಟಿದ್ದಾರೆ.