ಅನಿಲದಿಂದ ಉಗಿ: ಉಷ್ಣದ ಜಮಾ-ಖರ್ಚು

ಬಟ್ಟೆ ಗಿರಣಿಯ ಬಣ್ಣ ಹಾಕುವ ವಿಭಾಗ, ಔಷಧ ತಯಾರಿಕೆಯ ಕಾರ್ಖಾನೆ, ಹಾಲಿನ ಡೈರಿ, ದೊಡ್ಡ ಆಸ್ಪತ್ರೆಯ ಅಡಿಗೆಮನೆ - ಇವೆಲ್ಲಕ್ಕೂ ಸಮಾನವಾಗಿ ಬೇಕಾದ ವಸ್ತು ಉಗಿ. ಉಗಿಯನ್ನು ಉತ್ಪಾದಿಸುವ ಬಾಯ್ಲರುಗಳಲ್ಲಿ ಹಿಂದೆ ಕಲ್ಲಿದ್ದಲನ್ನೂ ಉರುವಲೆಣ್ಣೆಯನ್ನೂ ಹೆಚ್ಚಾಗಿ ಉರಿಸುತ್ತಿದ್ದರು. ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ 1974ರಲ್ಲಿ 'ಬಾಂಬೆ ಹೈ' ತೈಲಕ್ಷೇತ್ರವು ಪತ್ತೆಯಾಗಿ, 1976ರಲ್ಲಿ ಉತ್ಪಾದನೆ ಆರಂಭವಾದ ತರುವಾಯ, ತೈಲದೊಡನೆ ದೊರೆಯುವ ನೈಸರ್ಗಿಕ ಅನಿಲವೂ ಈ ಪ್ರದೇಶದ ಉದ್ಯಮಗಳಿಗೆ ಒದಗಿಬಂದಿತು.

ನೂರು ಕಿಲೋಗ್ರಾಂ ಅನಿಲವನ್ನು ಉರಿಸಿದರೆ ಎಷ್ಟು ಕಿಲೋಗ್ರಾಂ ಉಗಿ ದೊರೆಯುತ್ತದೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಜಮಾ-ಖರ್ಚಿನ ಪುಸ್ತಕವನ್ನು ಓದಬಲ್ಲವರೆಲ್ಲರೂ ಇದನ್ನು ಅರಿಯಬಹುದು. ಈ ಲೆಕ್ಕದ ತಿಳಿವಳಿಕೆಯು ಕಾರ್ಖಾನೆಯಲ್ಲಿ ಹಣವನ್ನು ಉಳಿಸುವಂತೆ ಮನೆಯಲ್ಲಿ ಪ್ರಾಣವನ್ನೂ ಉಳಿಸಬಲ್ಲದು.

ಜಮೆಯ ಬಾಬು

ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳಿಗೆ ಹೈಡ್ರೋಕಾರ್ಬನ್ ಎಂದು ಹೆಸರು. ಇವುಗಳಲ್ಲಿ ಅತ್ಯಂತ ಸರಳವಾದುದು ಮೀಥೇನ್. ನೈಸರ್ಗಿಕ ಅನಿಲದ ಬಹುಭಾಗ ಇದೇ. ಮೀಥೇನ್ ಉರಿಯುವಾಗ ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಜಲಜನಕವು ನೀರಿನ ಆವಿಯಾಗುತ್ತದೆ. 16 ಕಿಲೋಗ್ರಾಂ ಮೀಥೇನಿಗೆ 64 ಕಿಲೋಗ್ರಾಂ ಆಮ್ಲಜನಕ ಬೇಕು. ಫಲವಾಗಿ 44 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಮತ್ತು 36 ಕಿಲೋಗ್ರಾಂ ನೀರಾವಿ ಉಂಟಾಗುತ್ತವೆ. ಎರಡೂ ಕಡೆಯ ಮೊತ್ತ 80, ತಾಳೆ ಸರಿಯಾಗಿದೆ.

ಒಂದು ಕಿಲೋಗ್ರಾಂ ಮೀಥೇನ್ ಸಂಪೂರ್ಣವಾಗಿ ಉರಿದಾಗ ಬಿಡುಗಡೆಯಾಗುವ ಉಷ್ಣ ಸುಮಾರು 55,500 ಕಿಲೋಜೂಲ್. ಇದು ಒಟ್ಟು ಉಷ್ಣಮೌಲ್ಯ. ಆದರೆ ದಹನದಿಂದ ಹುಟ್ಟಿದ 2.25 ಕಿಲೋಗ್ರಾಂ ನೀರಾವಿಯು ತನ್ನ ಪಾಲಿನ ಸುಮಾರು 5,500 ಕಿಲೋಜೂಲನ್ನು ಹೊತ್ತುಕೊಂಡು ಚಿಮಣಿಯ ಮೂಲಕ ಹೊರಟುಹೋಗುತ್ತದೆ. ಅದನ್ನು ಕಳೆದರೆ ಉಳಿಯುವ 50,000 ಕಿಲೋಜೂಲ್ ನಿವ್ವಳ ಉಷ್ಣಮೌಲ್ಯ. ಒಟ್ಟು ವರಮಾನಕ್ಕೂ ನಿವ್ವಳ ವರಮಾನಕ್ಕೂ ಇರುವ ಭೇದವೇ ಇಲ್ಲಿಯೂ ಇದೆ.

ಉಗಿಯ ಬೆಲೆ

ಒಂದು ಕಿಲೋಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು 419 ಕಿಲೋಜೂಲ್ ಸಾಕು. ಕುದಿಯುವ ಅದೇ ನೀರನ್ನು ಅದೇ ಉಷ್ಣತೆಯಲ್ಲಿ ಉಗಿಯಾಗಿ ಮಾರ್ಪಡಿಸಲು ಮಾತ್ರ ಇನ್ನೂ 2,257 ಕಿಲೋಜೂಲ್ ಬೇಕು. ಅಂದರೆ ಐದು ಪಟ್ಟಿಗೂ ಮಿಗಿಲು. ಉಷ್ಣಮಾಪಕಕ್ಕೆ ಗೋಚರಿಸದ ಈ ಉಷ್ಣಕ್ಕೆ ಗುಪ್ತೋಷ್ಣವೆಂದು ಹೆಸರು. ಹದಿನೆಂಟನೆಯ ಶತಮಾನದಲ್ಲಿ ಇದನ್ನು ಗುರುತಿಸಿದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. ಉಗಿಯಿಂದಾದ ಸುಟ್ಟಗಾಯವು ಬಿಸಿನೀರಿನ ಗಾಯಕ್ಕಿಂತ ತೀವ್ರವಾಗಲು ಕಾರಣವೂ ಇದೇ: ಉಗಿಯು ಚರ್ಮದ ಮೇಲೆ ನೀರಾಗುವಾಗ ಗುಪ್ತೋಷ್ಣವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ.

ಈಗ ಒಂದು ಬಾಯ್ಲರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರೊಳಗಿನ ಒತ್ತಡ, ವಾತಾವರಣದ ಒತ್ತಡವೂ ಸೇರಿ, 10 ಬಾರ್. ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 180 ಡಿಗ್ರಿಯಲ್ಲಿ. ಅಲ್ಲಿನ ಒಂದು ಕಿಲೋಗ್ರಾಂ ಉಗಿಯಲ್ಲಿ ಅಡಕವಾಗಿರುವ ಉಷ್ಣ, ಉಗಿಯ ಕೋಷ್ಟಕಗಳ ಪ್ರಕಾರ, 2,778 ಕಿಲೋಜೂಲ್. ಬಾಯ್ಲರಿಗೆ 80 ಡಿಗ್ರಿಯ ನೀರನ್ನು ಊಡಿದರೆ, ಆ ನೀರು 335 ಕಿಲೋಜೂಲನ್ನು ತನ್ನೊಡನೆಯೇ ತರುತ್ತದೆ. ಆದುದರಿಂದ ಅನಿಲವು ಒದಗಿಸಬೇಕಾದುದು ವ್ಯತ್ಯಾಸವನ್ನು ಮಾತ್ರ: ಕಿಲೋಗ್ರಾಮಿಗೆ 2,443 ಕಿಲೋಜೂಲ್.

ಲೆಕ್ಕದ ಕ್ರಮ

ಗಂಟೆಗೆ 100 ಕಿಲೋಗ್ರಾಂ ಮೀಥೇನ್ ಉರಿಯುತ್ತಿದೆ. ನಿವ್ವಳ ಉಷ್ಣಮೌಲ್ಯದ ಆಧಾರದಲ್ಲಿ ಬಾಯ್ಲರಿನ ದಕ್ಷತೆ ಶೇಕಡಾ 85 ಎಂದಿಟ್ಟುಕೊಳ್ಳೋಣ.

ಜಮೆ: 100 × 50,000 = 50 ಲಕ್ಷ ಕಿಲೋಜೂಲ್.
ನಷ್ಟ, ಶೇಕಡಾ 15: 7.5 ಲಕ್ಷ ಕಿಲೋಜೂಲ್.
ನೀರಿಗೆ ಸೇರಿದ್ದು: 42.5 ಲಕ್ಷ ಕಿಲೋಜೂಲ್.
ಉಗಿ: 42,50,000 ÷ 2,443 = ಸುಮಾರು 1,740 ಕಿಲೋಗ್ರಾಂ.

ಒಂದು ಕಿಲೋಗ್ರಾಂ ಅನಿಲಕ್ಕೆ ಹದಿನೇಳು ಕಿಲೋಗ್ರಾಮಿಗೂ ತುಸು ಹೆಚ್ಚು ಉಗಿ ದೊರೆಯಿತೆಂದಾಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ಪ್ರಮಾದವೊಂದಿದೆ. ದಕ್ಷತೆಯನ್ನು ನಿವ್ವಳ ಮೌಲ್ಯದ ಆಧಾರದಲ್ಲಿ ತೆಗೆದುಕೊಂಡು, ಅದನ್ನು 55,500ರ ಒಟ್ಟು ಮೌಲ್ಯಕ್ಕೆ ಅನ್ವಯಿಸಿದರೆ 1,931 ಕಿಲೋಗ್ರಾಂ ಎಂಬ ಉತ್ತರ ಬರುತ್ತದೆ. ಕಾಗದದ ಮೇಲೆ ಹೆಚ್ಚಾಗಿ ಕಾಣುವ ಆ 191 ಕಿಲೋಗ್ರಾಂ ಉಗಿಯು ಕೊಳವೆಯಲ್ಲಿ ಎಂದಿಗೂ ಬರಲಾರದು. ಎರಡು ಅಂಕಿಗಳೂ ಒಂದೇ ಆಧಾರದವಾಗಿರಬೇಕು.

ಇದೇ ಬಾಯ್ಲರಿಗೆ 30 ಡಿಗ್ರಿಯ ತಣ್ಣೀರನ್ನು ಊಡಿದರೆ ಉತ್ಪನ್ನವು ಸುಮಾರು 1,603 ಕಿಲೋಗ್ರಾಮಿಗೆ ಇಳಿಯುತ್ತದೆ. ಕೆಲಸ ಮುಗಿಸಿ ನೀರಾದ ಉಗಿಯನ್ನು ಚರಂಡಿಗೆ ಬಿಡದೆ ಬಾಯ್ಲರಿಗೇ ಹಿಂದಿರುಗಿಸುವ ಪದ್ಧತಿಯ ಲಾಭ ಇದರಿಂದ ಸ್ಪಷ್ಟವಾಗುತ್ತದೆ.

ಚಿಮಣಿಯ ಖರ್ಚು

ನಷ್ಟದ ಬಾಬಿನಲ್ಲಿ ಚಿಮಣಿಯದೇ ದೊಡ್ಡ ಪಾಲು. ತೂಕದ ಲೆಕ್ಕದಲ್ಲಿ ಗಾಳಿಯ ಶೇಕಡಾ 23ರಷ್ಟು ಮಾತ್ರ ಆಮ್ಲಜನಕವಾದುದರಿಂದ, 100 ಕಿಲೋಗ್ರಾಂ ಮೀಥೇನಿಗೆ ಸುಮಾರು 1,720 ಕಿಲೋಗ್ರಾಂ ಗಾಳಿ ಬೇಕು. ಪೂರ್ಣ ದಹನಕ್ಕಾಗಿ ಇನ್ನೂ ಶೇಕಡಾ 10ರಷ್ಟು ಹೆಚ್ಚು ಗಾಳಿ ಕೊಟ್ಟರೆ, ಚಿಮಣಿಯಿಂದ ಹೊರಹೋಗುವ ಬಿಸಿ ಅನಿಲಗಳ ತೂಕ ಸುಮಾರು ಎರಡು ಟನ್. ಅವು ಹೊರಗಿನ ಗಾಳಿಗಿಂತ 200 ಡಿಗ್ರಿ ಬಿಸಿಯಾಗಿದ್ದರೆ, ನಾಲ್ಕು ಲಕ್ಷ ಕಿಲೋಜೂಲಿಗೂ ಹೆಚ್ಚು ಉಷ್ಣ ಆಕಾಶದ ಪಾಲಾಗುತ್ತದೆ.

ಹಾಗಾದರೆ ಗಾಳಿಯನ್ನೇ ಕಡಮೆ ಮಾಡಬಹುದಲ್ಲವೇ ಎಂದು ತೋರಬಹುದು. ಮಿತಿಮೀರಿದ ಗಾಳಿಯನ್ನು ತಗ್ಗಿಸುವುದು ಸರಿಯೇ. ಅಗತ್ಯಕ್ಕಿಂತ ಕಡಮೆ ಮಾಡುವುದು ಅನರ್ಥಕ್ಕೆ ದಾರಿ. ಒಂದು ಕಿಲೋಗ್ರಾಂ ಇಂಗಾಲವು ಡೈ ಆಕ್ಸೈಡ್ ಆಗುವಾಗ ಸುಮಾರು 32,800 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಆದರೆ ಕೇವಲ 9,200. ಉಳಿದ ಉಷ್ಣವು ಉರಿಯದೆಯೇ ಹೋಯಿತು. ಅದಕ್ಕಿಂತ ಘೋರವಾದ ಸಂಗತಿಯೆಂದರೆ ಕಾರ್ಬನ್ ಮಾನಾಕ್ಸೈಡ್ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ರಕ್ತದ ಹೀಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಸ್ನಾನದ ಕೋಣೆಗೂ ಇದೇ ಲೆಕ್ಕ

ನಗರಗಳ ಫ್ಲಾಟುಗಳಲ್ಲಿ ಬಳಸುವ ಗ್ಯಾಸ್ ಗೀಸರ್ ಕೂಡ ಒಂದು ಕಿರಿಯ ಬಾಯ್ಲರೇ. ಉಗಿಯ ಬದಲು ಬಿಸಿನೀರು ಕೊಡುತ್ತದೆ, ಅಷ್ಟೇ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಹೆಚ್ಚು ಕಾಯಿಸಲು ಸುಮಾರು 630 ಕಿಲೋಜೂಲ್ ಬೇಕು. ದಕ್ಷತೆ ಶೇಕಡಾ 80 ಎಂದಾದರೆ ಸಿಲಿಂಡರಿನ ಅನಿಲ ನಿಮಿಷಕ್ಕೆ ಸುಮಾರು 17 ಗ್ರಾಂ ಖರ್ಚಾಗುತ್ತದೆ. ಈ ಅನಿಲಕ್ಕೆ ತನ್ನ ತೂಕದ ಸುಮಾರು ಹದಿನೈದೂವರೆ ಪಟ್ಟು ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ ಅದು ಸುಮಾರು ಎರಡೂ ಕಾಲು ಘನಮೀಟರ್ ಗಾಳಿಯಾಯಿತು.

ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಸ್ನಾನದ ಕೋಣೆಯಲ್ಲಿರುವ ಗಾಳಿಯೇ ಏಳೂವರೆ ಘನಮೀಟರ್. ಬಾಗಿಲು, ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡರೆ ಹತ್ತು ನಿಮಿಷದಲ್ಲಿ ಆ ಕೋಣೆಯ ಆಮ್ಲಜನಕದ ಶೇಕಡಾ 30ರಷ್ಟನ್ನು ಗೀಸರ್ ಒಂದೇ ಕಬಳಿಸುತ್ತದೆ. ಆಮ್ಲಜನಕ ಕುಗ್ಗುತ್ತ ಹೋದಂತೆ ಜ್ವಾಲೆಯು ಕಾರ್ಬನ್ ಮಾನಾಕ್ಸೈಡನ್ನು ಹೊರಸೂಸತೊಡಗುತ್ತದೆ. ಬಾಯ್ಲರಿಗೆ ಚಿಮಣಿಯಾದರೂ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಸ್ನಾನ ಮಾಡುವವರ ಶ್ವಾಸಕೋಶವೇ ಚಿಮಣಿ. ಚಳಿಗಾಲದ ಬೆಳಗಿನಲ್ಲಿ ಕಿಟಕಿ ಮುಚ್ಚುವುದು ಸಹಜವಾದ ಕಾರಣ ಅಪಾಯವೂ ಆಗ ಹೆಚ್ಚು.

ಆದುದರಿಂದ ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಅಳವಡಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರುವುದು ಕ್ಷೇಮ. ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿದರೆ ಅಥವಾ ಮಸಿ ಕಟ್ಟಿದರೆ ತಿಳಿದವರಿಂದ ಕೂಡಲೇ ದುರಸ್ತಿ ಮಾಡಿಸಬೇಕು. ಆದರೆ ನೀಲಿ ಜ್ವಾಲೆಯನ್ನಷ್ಟೇ ನಂಬಿ ಕಿಟಕಿ ಮುಚ್ಚಬಾರದು. ಸ್ನಾನದ ವೇಳೆ ತಲೆನೋವು, ತಲೆಸುತ್ತು, ಓಕರಿಕೆ ಅಥವಾ ಕಾಲುಗಳಲ್ಲಿ ನಿಶ್ಶಕ್ತಿ ಕಂಡುಬಂದರೆ ಒಡನೆಯೇ ಹೊರಗೆ ಬರಬೇಕು. ಒಳಗೆ ಹೋದವರಿಂದ ಉತ್ತರ ಬಾರದಿದ್ದರೆ ಮನೆಯವರು ತಡಮಾಡದೆ ಬಾಗಿಲು ತೆರೆಸಿ, ಅನಿಲವನ್ನು ನಿಲ್ಲಿಸಿ, ಅವರನ್ನು ಶುದ್ಧ ಗಾಳಿಗೆ ತಂದು, ಎಚ್ಚರಗೊಂಡರೂ ಸಹ ಆಸ್ಪತ್ರೆಗೆ ಕರೆದೊಯ್ಯಬೇಕು.